ಪಾಪುವಿನ ಲಸಿಕೆ ಬಿಲ್ಲು: ಆರೋಗ್ಯ ವಿಮೆಯಿಂದ ಎಷ್ಟು ಬರುತ್ತದೆ, ಯಾವಾಗ ಬರುವುದಿಲ್ಲ?

ಪ್ರಶ್ನೆ: ನಮ್ಮ ಮಗಳಿಗೆ ಈಗ ಎರಡು ತಿಂಗಳು. ಆರನೇ ವಾರದ ಲಸಿಕೆಗಳನ್ನು ಮನೆ ಹತ್ತಿರದ ಖಾಸಗಿ ಮಕ್ಕಳ ಕ್ಲಿನಿಕ್ಕಿನಲ್ಲಿ ಹಾಕಿಸಿದೆವು. ಡಾಕ್ಟರ್ ಫೀಸು 800 ರೂ. ಸೇರಿ 9,300 ರೂ. ಆಯಿತು. ನಮಗೆ 10 ಲಕ್ಷದ ಫ್ಯಾಮಿಲಿ ಫ್ಲೋಟರ್ ಪಾಲಿಸಿ ಇದೆ. ಬಿಲ್ಲು ಕಳಿಸಿದರೆ ‘ಲಸಿಕೆ ಪಾಲಿಸಿಯಲ್ಲಿ ಬರುವುದಿಲ್ಲ’ ಎಂದು ತಿರಸ್ಕರಿಸಿದರು. ಒಂದೂವರೆ ವರ್ಷದವರೆಗಿನ ಎಲ್ಲ ಲಸಿಕೆಗೂ ಒಟ್ಟು 43,800 ರೂ. ಆಗುತ್ತದೆಂದು ಕ್ಲಿನಿಕ್ಕಿನವರು ಚೀಟಿ ಬರೆದುಕೊಟ್ಟಿದ್ದಾರೆ, ಅದರ ಫೋಟೊ ಲಗತ್ತಿಸಿದ್ದೇನೆ. ಯಜಮಾನರ ಕಂಪನಿಯಲ್ಲೂ ಗ್ರೂಪ್ ಇನ್ಶೂರೆನ್ಸ್ ಇದೆ, ಹೆರಿಗೆ ಖರ್ಚು ಅದರಲ್ಲೇ ಬಂತು. ಏಜೆಂಟರು ‘ಒಪಿಡಿ ರೈಡರ್ ತಗೊಳ್ಳಿ, ಲಸಿಕೆ ಎಲ್ಲ ಬರುತ್ತೆ’ ಅನ್ನುತ್ತಿದ್ದಾರೆ. ಅತ್ತೆ ‘ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ ಹಾಕ್ತಾರೆ, ಇದೆಲ್ಲ ಯಾಕೆ’ ಅಂತಾರೆ. ಯಾರ ಮಾತು ಕೇಳಲಿ?
— ಓದುಗರೊಬ್ಬರು, ವಿದ್ಯಾರಣ್ಯಪುರ, ಬೆಂಗಳೂರು

ಉತ್ತರ: ನಿಮ್ಮ ಅತ್ತೆಯವರ ಮಾತು ಮುಕ್ಕಾಲು ಪಾಲು ಸರಿ. ಇದು ಬಾಯಿಮಾತಿಗೆ ಹೇಳಿದ್ದಲ್ಲ, ನೀವು ಕಳಿಸಿದ ಚೀಟಿಯನ್ನೇ ಕೂಡಿ ಕಳೆದು ನೋಡಿದರೂ ಮುಕ್ಕಾಲು ಪಾಲೇ ಬರುತ್ತದೆ. ಆ ಲೆಕ್ಕವನ್ನು ಮುಂದೆ ಹೇಳುತ್ತೇವೆ. ಮೊದಲು ವಿಮೆಯ ವಿಚಾರ ಮುಗಿಸೋಣ.

ಫ್ಲೋಟರ್ ಪಾಲಿಸಿಯವರು ಕ್ಲೇಮು ತಿರಸ್ಕರಿಸಿದ್ದು ನಿಯಮದ ಪ್ರಕಾರವೇ ಇದೆ. ಅದರ ಮೇಲೆ ದೂರು ಕೊಟ್ಟು ಸಮಯ ಹಾಳು ಮಾಡಿಕೊಳ್ಳಬೇಡಿ. ನಮ್ಮಲ್ಲಿ ಮಾರಾಟವಾಗುವ ಸಾಮಾನ್ಯ ಆರೋಗ್ಯ ಪಾಲಿಸಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆದ ಖರ್ಚಿಗೆ ಮಾಡಿದ್ದು. 24 ಗಂಟೆ ದಾಖಲಾಗಿರಬೇಕು, ಇಲ್ಲವೇ ಪಾಲಿಸಿಯ ಡೇ-ಕೇರ್ ಪಟ್ಟಿಯಲ್ಲಿರುವ, ಅಂದರೆ ಒಂದೇ ದಿನದೊಳಗೆ ಮುಗಿಯುವ ಚಿಕಿತ್ಸೆಯಾಗಿರಬೇಕು. ಲಸಿಕೆ ಇವೆರಡರಲ್ಲಿ ಯಾವುದೂ ಅಲ್ಲ. ಹೋದಿರಿ, ಚುಚ್ಚಿಸಿಕೊಂಡಿರಿ, ಅರ್ಧ ಗಂಟೆ ಕೂತು ಬಂದಿರಿ. ವಿಮೆಯ ಭಾಷೆಯಲ್ಲಿ ಅದು ಹೊರರೋಗಿ ಖರ್ಚು, ಅಂದರೆ ಒಪಿಡಿ. ಎಲ್ಲ ಕಂಪನಿಗಳೂ ಒಂದೇ ನಿಯಮದಡಿ ಮಾರುವ ‘ಆರೋಗ್ಯ ಸಂಜೀವನಿ’ ಪಾಲಿಸಿ 2020ರ ಏಪ್ರಿಲ್‌ನಲ್ಲಿ ಬಂತು, ಅದರಲ್ಲೂ ಒಪಿಡಿ ಇಲ್ಲ. ಇನ್ನೊಂದು ಕಾರಣವೂ ಇದೆ. ವಿಮೆ ಇರುವುದು ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂಬ ಖರ್ಚಿಗೆ. ಆರನೇ ವಾರಕ್ಕೆ ಏನು, ಒಂಬತ್ತನೇ ತಿಂಗಳಿಗೆ ಏನು ಎಂದು ಮಗು ಹುಟ್ಟುವ ಮೊದಲೇ ಗೊತ್ತಿರುವ ಖರ್ಚನ್ನು ಕಂಪನಿ ತನ್ನ ಕೈಯಿಂದ ಕೊಡುವುದಿಲ್ಲ. ಕೊಟ್ಟರೆ ಪ್ರೀಮಿಯಂನಲ್ಲಿ ಮೊದಲೇ ವಸೂಲು ಮಾಡಿಕೊಂಡಿರುತ್ತದೆ. ಏಜೆಂಟರು ಹೇಳುವ ರೈಡರ್, ಅಂದರೆ ಹೆಚ್ಚಿನ ಪ್ರೀಮಿಯಂ ಕೊಟ್ಟು ಪಾಲಿಸಿಗೆ ಸೇರಿಸಿಕೊಳ್ಳುವ ಸೌಲಭ್ಯವನ್ನು ತೂಗುವಾಗ ಇದು ನೆನಪಿರಲಿ.

ನಿಮ್ಮ ಪಾಲಿಸಿ ಪುಸ್ತಕದ ಪಿಡಿಎಫ್ ತೆರೆದು ಇಂಗ್ಲಿಷಿನ ನಾಲ್ಕು ಪದ ಹುಡುಕಿ: ವ್ಯಾಕ್ಸಿನೇಷನ್, ಇನಾಕ್ಯುಲೇಷನ್, ಇಮ್ಯುನೈಸೇಷನ್, ಪ್ರಿವೆಂಟಿವ್. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಹುಡುಕಿ ‘ಏನೂ ಬರೆದಿಲ್ಲ, ಹಾಗಾದರೆ ಕೊಡಲೇಬೇಕು’ ಅಂದುಕೊಳ್ಳುತ್ತಾರೆ. ಹಳೆಯ ಪಾಲಿಸಿಗಳಲ್ಲಿ ಇನಾಕ್ಯುಲೇಷನ್ ಎಂದೇ ಇರುತ್ತದೆ. ಪದ ಎಲ್ಲಿ ಸಿಕ್ಕಿತು ಎಂಬುದನ್ನೂ ನೋಡಿ. ಎಕ್ಸ್‌ಕ್ಲೂಷನ್ಸ್ ಅಧ್ಯಾಯದಲ್ಲಿದ್ದರೆ ಅದು ಕೊಡದಿರುವ ಪಟ್ಟಿ, ಬೆನಿಫಿಟ್ಸ್ ಅಧ್ಯಾಯದಲ್ಲಿದ್ದರೆ ಕೊಡುವ ಪಟ್ಟಿ. ಒಂದೇ ಪಾಲಿಸಿಯಲ್ಲಿ ಎರಡೂ ಕಡೆ ಇರಬಹುದು. ಸಾಮಾನ್ಯ ಲಸಿಕೆ ಇಲ್ಲ, ಪ್ರಾಣಿ ಕಚ್ಚಿದ ಮೇಲಿನ ಲಸಿಕೆ ಮಾತ್ರ ಉಂಟು ಎನ್ನುವುದು ಬಹಳ ಪಾಲಿಸಿಗಳಲ್ಲಿರುವ ಸಾಲು. ಪಾಲಿಸಿಯ ಜತೆ ಬರುವ ಗ್ರಾಹಕ ಮಾಹಿತಿ ಪತ್ರ, ಅಂದರೆ ಸಿಐಎಸ್, ಕೆಲವೇ ಪುಟದ್ದು. ಅದನ್ನು ಕನ್ನಡದಲ್ಲಿ ಕೊಡಿ ಎಂದು ಕೇಳುವ ಅವಕಾಶವಿದೆ, ಕೇಳಿ ತೆಗೆದುಕೊಳ್ಳಿ.

ಇನ್ನು ಯಜಮಾನರ ಕಂಪನಿಯ ಗ್ರೂಪ್ ಪಾಲಿಸಿ. ನಿಮ್ಮ ವಿಷಯದಲ್ಲಿ ದುಡ್ಡು ಬರುವುದಾದರೆ ಇಲ್ಲಿಂದಲೇ ಬರಬೇಕು. ದಾರಿ ಮೂರಿವೆ, ಮೂರನ್ನೂ ಒಂದೇ ಎಂದು ತಿಳಿದು ಗೊಂದಲ ಮಾಡಿಕೊಳ್ಳುವವರೇ ಜಾಸ್ತಿ.

ಮೊದಲನೆಯದು ಹೆರಿಗೆ ಸೌಲಭ್ಯದ ಒಳಗೆ ಅಡಗಿರುವ ನವಜಾತ ಶಿಶುವಿನ ಲಸಿಕೆ. ಕೆಲವು ಪಾಲಿಸಿಗಳಲ್ಲಿ ಹೆರಿಗೆ ಕ್ಲೇಮು ಒಪ್ಪಿಗೆಯಾಗಿದ್ದರೆ ಮಗುವಿನ ಮೊದಲ ವರ್ಷದ ಲಸಿಕೆಗೆ ಇಷ್ಟು ಎಂದು ಒಂದು ಮಿತಿ ಇಟ್ಟಿರುತ್ತಾರೆ. ನಿಮ್ಮ ಹೆರಿಗೆ ಕ್ಲೇಮು ಒಪ್ಪಿಗೆಯಾಗಿದೆ, ಹಾಗಾಗಿ ಈ ಸಾಲು ಇದೆಯೇ ಎಂದು ಮೊದಲು ನೋಡಿ. ಇಲ್ಲಿ ಎರಡು ಕಡೆ ಎಡವುತ್ತಾರೆ. ಮಿತಿ ಹೆರಿಗೆ ಮೊತ್ತದ ಒಳಗಿನದೋ, ಮೇಲಿನದೋ? ಒಳಗಿನದಾದರೆ, ಹೆರಿಗೆಗೆ ಇಟ್ಟ ಮೊತ್ತ, ಉದಾಹರಣೆಗೆ 75,000, ಸಿಸೇರಿಯನ್ ಬಿಲ್ಲಿಗೇ ಪೂರ್ತಿ ಖರ್ಚಾಗಿದ್ದಲ್ಲಿ ಲಸಿಕೆಗೆ ಉಳಿದಿರುವುದು ಸೊನ್ನೆ. ಎರಡನೆಯದು ಲೆಕ್ಕದ ದಿನ. ಮಗುವಿಗೆ ಒಂದು ವರ್ಷ ತುಂಬುವವರೆಗೋ, ಪಾಲಿಸಿ ವರ್ಷ ಮುಗಿಯುವವರೆಗೋ? ಏಪ್ರಿಲ್‌ಗೆ ನವೀಕರಣವಾಗುವ ಪಾಲಿಸಿಯಲ್ಲಿ ಜನವರಿಯಲ್ಲಿ ಹುಟ್ಟಿದ ಮಗುವಿಗೆ ಎರಡನೇ ಬಗೆಯ ಲೆಕ್ಕದಿಂದ ಬಹಳ ನಷ್ಟ. ಹುಟ್ಟಿದ ದಿನ ಆಸ್ಪತ್ರೆಯಲ್ಲೇ ಹಾಕಿದ ಬಿಸಿಜಿ, ಪೋಲಿಯೊ ಸೊನ್ನೆ ಡೋಸು, ಹೆಪಟೈಟಿಸ್-ಬಿ ಇವುಗಳ ಹಣವನ್ನು ಹೆರಿಗೆ ಬಿಲ್ಲಿನಲ್ಲಿ ಕಡಿತ ಮಾಡಿದ್ದಾರೆಯೇ ಎಂದು ಸೆಟ್ಲ್‌ಮೆಂಟ್ ಪತ್ರದ ಕೊನೆಯ ಪಟ್ಟಿಯಲ್ಲಿ ನೋಡಿ. ಲಸಿಕೆ ಕೊಡುವ ಸಾಲು ಪಾಲಿಸಿಯಲ್ಲಿದ್ದೂ ಕಡಿತವಾಗಿದ್ದರೆ ಅದನ್ನೂ ಕೇಳಿ ಪಡೆಯಬಹುದು.

ಎರಡನೆಯದು ಗ್ರೂಪ್ ಪಾಲಿಸಿಯ ಒಪಿಡಿ ಸೌಲಭ್ಯ. ವರ್ಷಕ್ಕೆ 5,000, 10,000 ಹೀಗೆ ಮಿತಿ ಇರುತ್ತದೆ. ಒಪಿಡಿ ಇದೆ ಎಂದ ಮಾತ್ರಕ್ಕೆ ಲಸಿಕೆ ಇದೆ ಎಂದಲ್ಲ. ‘ಡಾಕ್ಟರ್ ಫೀಸು, ಔಷಧಿ, ಪರೀಕ್ಷೆ’ ಎಂದಷ್ಟೇ ಬರೆದಿದ್ದರೆ ಲಸಿಕೆಯನ್ನು ಔಷಧಿ ಎಂದು ಒಪ್ಪುವವರೂ ಇದ್ದಾರೆ, ತಡೆಗಟ್ಟುವ ಖರ್ಚು ಎಂದು ತಳ್ಳುವವರೂ ಇದ್ದಾರೆ. ಎಚ್‌ಆರ್‌ಗೆ ಇಮೇಲಿನಲ್ಲಿ ಒಂದೇ ಸಾಲು ಕೇಳಿ: ‘ಮಕ್ಕಳ ಲಸಿಕೆ ಒಪಿಡಿಯಲ್ಲಿ ಸೇರಿದೆಯೇ? ರಾಷ್ಟ್ರೀಯ ಪಟ್ಟಿಯವು ಮಾತ್ರವೋ, ಎಲ್ಲವೋ?’ ಬಾಯಲ್ಲಿ ಹೇಳಿದ ಉತ್ತರ ಕ್ಲೇಮಿನ ದಿನ ಕೆಲಸಕ್ಕೆ ಬರುವುದಿಲ್ಲ. ‘ರಾಷ್ಟ್ರೀಯ ಲಸಿಕಾ ಪಟ್ಟಿಯಂತೆ’ ಎಂಬ ಪದಗಳಿದ್ದರೆ ಅದು ತಮಾಷೆಯ ಸಾಲು. ಸರ್ಕಾರ ಪುಕ್ಕಟೆ ಹಾಕುವುದಕ್ಕೆ ಮಾತ್ರ ದುಡ್ಡು ಕೊಡುತ್ತೇವೆ, ನೀವು ಕೈಯಿಂದ ಕೊಡಲೇಬೇಕಾದ ಫ್ಲೂ, ಟೈಫಾಯ್ಡ್, ಚಿಕನ್‌ಪಾಕ್ಸ್ ಲಸಿಕೆಗಳಿಗೆ ಕೊಡುವುದಿಲ್ಲ ಎಂದರ್ಥ.

ಮೂರನೆಯದು ವೆಲ್‌ನೆಸ್ ವಾಲೆಟ್. ಔಟರ್ ರಿಂಗ್ ರೋಡ್, ವೈಟ್‌ಫೀಲ್ಡ್ ಕಡೆಯ ಕಂಪನಿಗಳಲ್ಲಿ ಇದು ಈಗ ಸಾಮಾನ್ಯ. ಇದು ವಿಮೆ ಅಲ್ಲ, ಕಂಪನಿ ತನ್ನ ಜೇಬಿನಿಂದ ಇಡುವ ಹಣ. ಜಿಮ್, ಕನ್ನಡಕ, ಲಸಿಕೆ ಎಲ್ಲಕ್ಕೂ ಒಂದೇ ಚೀಲ. ನಿಯಮ ಸಡಿಲ, ಆದರೆ ವರ್ಷ ಮುಗಿದ ದಿನ ಉಳಿದದ್ದು ಹೋಗುತ್ತದೆ. ಇದರಲ್ಲಿ ತಕರಾರು ಬಂದರೆ ವಿಮಾ ಕಂಪನಿಗೋ, ವಿಮೆಯ ತಕರಾರು ತೀರಿಸುವ ಓಂಬುಡ್ಸ್‌ಮನ್‌ಗೋ ದೂರು ಕೊಟ್ಟು ಪ್ರಯೋಜನವಿಲ್ಲ, ಎಚ್‌ಆರ್ ಬಾಗಿಲೇ ಕೊನೆ.

ಇವುಗಳಲ್ಲಿ ವಿಮೆಯ ಎರಡಕ್ಕೆ ಸಾಮಾನ್ಯವಾಗಿ ಒಂದು ಮುನ್‌ಶರತ್ತು ಇರುತ್ತದೆ: ಮಗುವಿನ ಹೆಸರು ಗ್ರೂಪ್ ಪಾಲಿಸಿಯಲ್ಲಿ ಇರಬೇಕು. ಹೆರಿಗೆ ಕ್ಲೇಮು ಆದ ಕೂಡಲೇ ಮಗು ತಾನಾಗಿ ಸೇರುವುದಿಲ್ಲ. ಎಚ್‌ಆರ್ ಪೋರ್ಟಲ್‌ನಲ್ಲಿ ಸೇರಿಸಬೇಕು, ಅದಕ್ಕೆ ಹುಟ್ಟಿದ ದಿನದಿಂದ 30 ದಿನ ಎಂಬಂಥ ಗಡುವು ಬಹಳ ಕಡೆ ಇರುತ್ತದೆ. ನಿಮ್ಮ ಮಗಳಿಗೆ ಎರಡು ತಿಂಗಳು. ಇಂದೇ ನೋಡಿ. ಗಡುವು ದಾಟಿದ್ದರೆ ಮುಂದಿನ ನವೀಕರಣದವರೆಗೆ ಕಾಯಿಸುವ ಕಂಪನಿಗಳಿವೆ, ಜನನ ಪ್ರಮಾಣಪತ್ರ ತಡವಾಗಿ ಬಂತು ಎಂದು ಬರೆದುಕೊಟ್ಟರೆ ಸೇರಿಸಿಕೊಳ್ಳುವವರೂ ಇದ್ದಾರೆ. ಜನನ ನೋಂದಣಿಗೆ ಇರುವುದು 21 ದಿನ. ನೋಂದಣಿ ಆಸ್ಪತ್ರೆಯ ಕಡೆಯಿಂದಲೇ ಆಗಿರುತ್ತದೆ, ಮಗುವಿನ ಹೆಸರನ್ನು ಆಮೇಲೆ ಸೇರಿಸಬಹುದು. ನಾಮಕರಣ ಆಗಿಲ್ಲ ಎಂದು ವಿಮೆಗೆ ಸೇರಿಸುವುದನ್ನು ತಡ ಮಾಡಬೇಕಿಲ್ಲ.

ಇಲ್ಲೇ ಒಂದು ಹೆಸರಿನ ತಲೆನೋವೂ ಹುಟ್ಟುತ್ತದೆ. ಕ್ಲಿನಿಕ್ಕಿನ ಬಿಲ್ಲಿನಲ್ಲಿ ‘ಬೇಬಿ ಆಫ್’ ಎಂದು ತಾಯಿಯ ಹೆಸರು, ಪಾಲಿಸಿಯಲ್ಲಿ ಮಗುವಿನ ಹೆಸರು, ಲಸಿಕೆ ಕಾರ್ಡಿನಲ್ಲಿ ಮನೆಯಲ್ಲಿ ಕರೆಯುವ ಹೆಸರು. ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡುವ ಟಿಪಿಎ ಎಂಬ ಸಂಸ್ಥೆಯ ಗುಮಾಸ್ತರಿಗೆ ಇವು ಮೂರು ಬೇರೆ ಬೇರೆ ಮಕ್ಕಳು. ಹೆಸರಿಟ್ಟ ಮೊದಲ ವಾರದಲ್ಲೇ ಕ್ಲಿನಿಕ್ಕಿನ ಫೈಲಿನಲ್ಲಿ, ತಾಯಿ ಕಾರ್ಡಿನಲ್ಲಿ, ಎಚ್‌ಆರ್ ಪೋರ್ಟಲ್‌ನಲ್ಲಿ ಒಂದೇ ಕಾಗುಣಿತ ಬರುವಂತೆ ಮಾಡಿ.

ಬಿಲ್ಲಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಒಪಿಡಿ ಲಸಿಕೆ ಕ್ಲೇಮುಗಳು ಸೋಲುವುದು ಹೆಚ್ಚಾಗಿ ಇಲ್ಲೇ. ನಿಮ್ಮ 9,300ರ ಬಿಲ್ಲು ‘ವ್ಯಾಕ್ಸಿನೇಷನ್ ಚಾರ್ಜಸ್’ ಎಂದು ಒಂದೇ ಸಾಲಿನಲ್ಲಿದೆ. ಅದು ಸಾಲದು. ಡಾಕ್ಟರ್ ಫೀಸು 800 ಬೇರೆ ಸಾಲು. ಪ್ರತಿ ಲಸಿಕೆಗೂ ಒಂದೊಂದು ಸಾಲು: ಹೆಸರು, ಬ್ರ್ಯಾಂಡ್, ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು, ಬೆಲೆ. ಮೇಲೆ ಮಗುವಿನ ಪೂರ್ತಿ ಹೆಸರು, ಹುಟ್ಟಿದ ದಿನಾಂಕ. ಕೆಳಗೆ ಬಿಲ್ ನಂಬರ್, ಸೀಲು, ಡಾಕ್ಟರ ನೋಂದಣಿ ಸಂಖ್ಯೆ. ಇದರ ಜತೆ ಅದೇ ದಿನಾಂಕದ ಪ್ರಿಸ್ಕ್ರಿಪ್ಷನ್ ಚೀಟಿ ಬೇಕೇ ಬೇಕು. ಮಕ್ಕಳ ಡಾಕ್ಟರುಗಳು ಲಸಿಕೆ ದಿನ ಚೀಟಿ ಬರೆಯದೆ ಕಾರ್ಡಿನಲ್ಲಷ್ಟೇ ಸಹಿ ಹಾಕುವುದು ವಾಡಿಕೆ, ನೀವೇ ಕೇಳಿ ಬರೆಸಿಕೊಳ್ಳಬೇಕು. ಕಾರ್ಡಿನಲ್ಲಿ ಲಸಿಕೆ ಸೀಸೆಯ ಸ್ಟಿಕ್ಕರ್ ಅಂಟಿಸಿದ ಪುಟದ ಫೋಟೊ ಸೇರಿಸಿ. ಮುದ್ರಿತ ಬೆಲೆಗಿಂತ ಬಿಲ್ಲಿನ ಬೆಲೆ ಹೆಚ್ಚಿದ್ದರೆ ಆ ಹೆಚ್ಚಿನ ಹಣ ಯಾರೂ ಕೊಡುವುದಿಲ್ಲ, ಕ್ಲಿನಿಕ್ಕಿನವರಿಗೆ ನೀವೂ ಕೊಡಬೇಕಾಗಿಲ್ಲ. ಚುಚ್ಚುವ ಕೂಲಿ ಇದ್ದರೆ ಅದನ್ನು ಬೇರೆ ಸಾಲಿನಲ್ಲಿ ತೋರಿಸಲಿ.

ಆರನೇ ವಾರದ ಬಿಲ್ಲನ್ನು ಹೀಗೆ ಮರುಬರೆಸಿಕೊಳ್ಳಲು ಈಗಲೂ ಸಾಧ್ಯ, ಒಂದೇ ದಿನಾಂಕ, ಒಂದೇ ಮೊತ್ತ ಇರಲಿ. ಮೂಲ ಬಿಲ್ಲನ್ನು ಫ್ಲೋಟರ್ ಕಂಪನಿಗೆ ಕಳಿಸಿಬಿಟ್ಟಿದ್ದರೆ ವಾಪಸ್ ಕೇಳಿ ಪಡೆಯಿರಿ, ಜತೆಗೆ ತಿರಸ್ಕಾರದ ಪತ್ರವನ್ನೂ ಇಟ್ಟುಕೊಳ್ಳಿ. ಒಂದು ಕಡೆ ಕೊಟ್ಟಿಲ್ಲ ಎಂಬ ಆ ಪತ್ರ ಇದ್ದರೆ ಗ್ರೂಪ್ ಪಾಲಿಸಿಯಲ್ಲಿ ಅದೇ ಬಿಲ್ಲು ಹಾಕಲು ಅಡ್ಡಿಯಿಲ್ಲ. ಗಡುವು ನೋಡಿಕೊಳ್ಳಿ. ಒಪಿಡಿ ಬಿಲ್ಲು ಹಾಕಲು 15 ಅಥವಾ 30 ದಿನ ಮಾತ್ರ ಕೊಡುವ ಪಾಲಿಸಿಗಳಿವೆ.

ಯಾರಾದರೂ ‘ಒಂದು ದಿನ ಅಡ್ಮಿಟ್ ಅಂತ ತೋರಿಸಿದರೆ ಕ್ಲೇಮು ಆಗುತ್ತೆ’ ಎಂದರೆ ಆ ಕಡೆ ತಲೆ ಹಾಕಬೇಡಿ. ಅದು ಸುಳ್ಳು ಕ್ಲೇಮು. ಸಿಕ್ಕಿಬಿದ್ದರೆ ಎಂಟು ಸಾವಿರದ ಆಸೆಗೆ 10 ಲಕ್ಷದ ಪಾಲಿಸಿಯೇ ರದ್ದಾಗುತ್ತದೆ. ನಿಜವಾಗಿಯೇ ಬೇರೆ ಕಾಯಿಲೆಗೆ ದಾಖಲಾಗಿದ್ದಾಗ ಡಿಸ್ಚಾರ್ಜ್ ದಿನ ಫ್ಲೂ ಲಸಿಕೆ ಹಾಕಿದರೂ ಆ ಒಂದು ಸಾಲನ್ನು ಬಿಲ್ಲಿನಿಂದ ಕಳೆದು ಉಳಿದದ್ದನ್ನು ಕೊಡುತ್ತಾರೆ.

ಈಗ ಏಜೆಂಟರ ರೈಡರ್. ಉದಾಹರಣೆಗೆ ಒಪಿಡಿ ರೈಡರ್‌ಗೆ ವರ್ಷಕ್ಕೆ 6,000 ರೂ. ಪ್ರೀಮಿಯಂ, ಮಿತಿ 10,000 ಎಂದಿಟ್ಟುಕೊಳ್ಳಿ. ಒಂದು ಪೈಸೆಯೂ ಬಿಡದೆ ಪೂರ್ತಿ ಬಳಸಿದರೆ ನಿಮಗೆ ಉಳಿಯುವುದು 4,000. ಆದರೆ ಅದರಲ್ಲಿ ಅರ್ಧ ಡಾಕ್ಟರ್ ಫೀಸಿಗೆ, ಅರ್ಧ ಔಷಧಿ ಪರೀಕ್ಷೆಗೆ ಎಂದು ಒಳಮಿತಿ ಇದ್ದರೆ, ನೆಟ್‌ವರ್ಕ್ ಕ್ಲಿನಿಕ್ಕಿನಲ್ಲಿ ಮಾತ್ರ ಎಂದಿದ್ದರೆ, ಲಸಿಕೆಗೆ ಕಾಯುವ ಅವಧಿ ಇದ್ದರೆ ಆ 4,000 ಕೂಡ ಕೈಗೆ ಬರುವುದಿಲ್ಲ. ನಡುವಿನಲ್ಲಿ ರೈಡರ್ ಸೇರಿಸಲು ಆಗದೆ ನವೀಕರಣಕ್ಕೆ ಕಾಯಬೇಕಾದರೆ ನಿಮ್ಮ ಮಗಳ ದುಬಾರಿ ಡೋಸುಗಳಲ್ಲಿ ಹೆಚ್ಚಿನವು ಅಷ್ಟರಲ್ಲಿ ಮುಗಿದಿರುತ್ತವೆ. ಮಗುವಿಗೆ ಒಂದೂವರೆ ವರ್ಷ ತುಂಬಿದ ಮೇಲೆ ಲಸಿಕೆ ಖರ್ಚು ತೀರಾ ಇಳಿಯುತ್ತದೆ, ಪ್ರೀಮಿಯಂ ಇಳಿಯುವುದಿಲ್ಲ. ಲಸಿಕೆಯೊಂದಕ್ಕೇ ಎಂದು ರೈಡರ್ ಕೊಳ್ಳುವುದು ನಷ್ಟದ ಬಾಬತ್ತು ಎಂಬುದು ನಮ್ಮ ಅಭಿಪ್ರಾಯ. ಮನೆಯಲ್ಲಿ ಹಿರಿಯರಿಗೆ ತಿಂಗಳು ತಿಂಗಳು ಸಕ್ಕರೆ, ಬಿಪಿ ಖರ್ಚಿದ್ದರೆ ಲೆಕ್ಕ ಬೇರೆ.

ತೆರಿಗೆ ಉಳಿಯುತ್ತದೆ ಎಂಬ ಮಾತೂ ಕೇಳಿಬರುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಆರೋಗ್ಯ ವಿಮೆಯ ವಿನಾಯಿತಿ ಇರುವುದು ಪ್ರೀಮಿಯಂಗೆ ಮತ್ತು 5,000 ರೂ.ವರೆಗಿನ ಆರೋಗ್ಯ ತಪಾಸಣೆಗೆ. ಮಗುವಿನ ಲಸಿಕೆ ಬಿಲ್ಲು ಅದರಲ್ಲಿ ಸೇರುವುದಿಲ್ಲ.

ಬನ್ನಿ ಅತ್ತೆಯವರ ಮಾತಿಗೆ. ನಿಮ್ಮ ಚೀಟಿಯಲ್ಲಿರುವುದು ಹೀಗೆ: ಆರು ರೋಗಗಳ ಒಂದೇ ಸೂಜಿ ಹೆಕ್ಸಾವೇಲೆಂಟ್ 4,000ದಂತೆ ಬೂಸ್ಟರ್ ಸೇರಿ ನಾಲ್ಕು ಡೋಸು 16,000. ನ್ಯುಮೋಕಾಕಲ್, ಅಂದರೆ ಪಿಸಿವಿ, 3,500ರಂತೆ ನಾಲ್ಕು, 14,000. ರೋಟಾವೈರಸ್ ಹನಿ 1,000ದಂತೆ ಮೂರು, 3,000. ಇಲ್ಲಿಗೆ 33,000. ಉಳಿದದ್ದು ಫ್ಲೂ ಎರಡು ಡೋಸು 3,400, ಟೈಫಾಯ್ಡ್ 2,000, ದಡಾರ, ಮಂಗನಬಾವು, ರುಬೆಲ್ಲಾದ ಎಂಎಂಆರ್ ಎರಡು 1,400, ಹೆಪಟೈಟಿಸ್-ಎ 1,800, ಚಿಕನ್‌ಪಾಕ್ಸ್ 2,200. ಇವು 10,800.

ಮೊದಲ 33,000 ರೂಪಾಯಿಯ ಲಸಿಕೆಗಳು ತಡೆಯುವ ರೋಗಗಳಿಗೆಲ್ಲ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಪುಕ್ಕಟೆ ಲಸಿಕೆ ಇದೆ. 6, 10, 14ನೇ ವಾರ ಐದು ರೋಗಗಳ ಪೆಂಟಾವೇಲೆಂಟ್, ಬಾಯಿ ಪೋಲಿಯೊ, ರೋಟಾ. 6 ಮತ್ತು 14ನೇ ವಾರ, 9ನೇ ತಿಂಗಳು ಪೋಲಿಯೊ ಚುಚ್ಚುಮದ್ದಿನ ಅಂಶ ಡೋಸು, ಅಂದರೆ ಪೂರ್ತಿ ಡೋಸಿನ ಒಂದು ಭಾಗ, ಮತ್ತು ಪಿಸಿವಿ. 9ರಿಂದ 12 ತಿಂಗಳೊಳಗೆ ದಡಾರ-ರುಬೆಲ್ಲಾ ಮೊದಲ ಡೋಸು, 16ರಿಂದ 24 ತಿಂಗಳೊಳಗೆ ಅದರ ಎರಡನೇ ಡೋಸು, ಡಿಪಿಟಿ ಬೂಸ್ಟರ್. ಅತ್ತೆಯವರ ಕಾಲದ ಪಟ್ಟಿ ಇದಲ್ಲ. ರೋಟಾ ಕಾರ್ಯಕ್ರಮಕ್ಕೆ ಬಂದದ್ದು 2016ರಿಂದ, ಪಿಸಿವಿ ದೇಶದ ಎಲ್ಲೆಡೆ ಸಿಕ್ಕಿದ್ದು 2021ರಲ್ಲಿ, ಪೋಲಿಯೊ ಚುಚ್ಚುಮದ್ದಿನ ಮೂರನೇ ಡೋಸು ಸೇರಿದ್ದು 2023ರಲ್ಲಿ. ‘ಸರ್ಕಾರಿದು ಹಳೇ ಲಸಿಕೆ’ ಎಂಬ ಮಾತು ಈಗ ನಿಲ್ಲುವುದಿಲ್ಲ.

ವ್ಯತ್ಯಾಸ ಇರುವುದು ನಾಯಿಕೆಮ್ಮಿನ ಭಾಗದಲ್ಲಿ. ಸರ್ಕಾರಿ ಪೆಂಟಾದಲ್ಲಿ ಇಡೀ ಜೀವಾಣುವಿನ ಅಂಶ ಇರುತ್ತದೆ, ಆದ್ದರಿಂದ ಜ್ವರ, ತೊಡೆ ಊತ ಜಾಸ್ತಿ, ರಾತ್ರಿ ಪಾಪು ಅಳುವುದೂ ಜಾಸ್ತಿ. ‘ನೋವಿಲ್ಲದ’ ಎಂದು ಮಾರುವ ದುಬಾರಿ ಹೆಕ್ಸಾದಲ್ಲಿ ಶುದ್ಧೀಕರಿಸಿದ ಅಂಶವಷ್ಟೇ ಇರುವುದರಿಂದ ಜ್ವರ ಕಡಿಮೆ. ಆದರೆ ನಾಯಿಕೆಮ್ಮಿನ ವಿರುದ್ಧದ ರಕ್ಷಣೆ ಹೆಚ್ಚು ಕಾಲ ಉಳಿಯುವುದು ಮೊದಲನೆಯದರಲ್ಲಿ. ನೀವು ಡೋಸಿಗೆ 4,000 ಕೊಡುತ್ತಿರುವುದು ಬಹುಪಾಲು ಒಂದು ರಾತ್ರಿಯ ನಿದ್ದೆಗೆ. ಅದು ಬೇಡದ ಖರ್ಚು ಎಂದು ಹೇಳುತ್ತಿಲ್ಲ, ಯಾವುದಕ್ಕೆ ಎಂದು ಗೊತ್ತಿದ್ದು ಕೊಡಿ. ಇನ್ನೊಂದು ವ್ಯತ್ಯಾಸ, ಸರ್ಕಾರಿ ದಡಾರ ಲಸಿಕೆಯಲ್ಲಿ ಮಂಗನಬಾವು ಇಲ್ಲ. ಎಂಎಂಆರ್‌ನಲ್ಲಿ ಇದೆ. 700 ರೂ. ಕೊಟ್ಟು ಎಂಎಂಆರ್ ಹಾಕಿಸಿದರೆ ಆ ಸಲದ ದಡಾರ-ರುಬೆಲ್ಲಾ ಬೇರೆ ಬೇಕಿಲ್ಲ.

ಆರನೇ ವಾರ ಖಾಸಗಿಯಲ್ಲಿ ಆಗಿದೆ, ಹತ್ತನೇ ವಾರ ಸರ್ಕಾರಿಗೆ ಹೋದರೆ ಕೆಡುವುದಿಲ್ಲವೇ? ಕೆಡುವುದಿಲ್ಲ. ಒಂದೇ ಬ್ರ್ಯಾಂಡ್ ಮುಂದುವರಿಸುವುದು ಒಳ್ಳೆಯದು ಎಂಬುದು ನಿಜ, ಆದರೆ ಬದಲಾಯಿಸಿದರೆ ಮೊದಲಿನಿಂದ ಶುರು ಮಾಡುವ ಅಗತ್ಯ ಇಲ್ಲ. ಎರಡು ಡೋಸುಗಳ ನಡುವೆ ನಾಲ್ಕು ವಾರ ಆಗಿರಬೇಕು. ರೋಟಾ ಹನಿಯ ಬ್ರ್ಯಾಂಡ್ ಬದಲಾದರೆ ಒಟ್ಟು ಮೂರು ಡೋಸು ಪೂರ್ತಿ ಮಾಡಬೇಕು. ಪಿಸಿವಿಯ ಡೋಸುಗಳ ಲೆಕ್ಕ ಎರಡು ಕಡೆ ಬೇರೆ, ಖಾಸಗಿಯಲ್ಲಿ ಮೂರು ಮತ್ತು ಒಂದು ಬೂಸ್ಟರ್, ಸರ್ಕಾರದಲ್ಲಿ ಎರಡು ಮತ್ತು ಒಂದು. ಹೋಗುವಾಗ ಖಾಸಗಿ ಕಾರ್ಡು, ತಾಯಿ ಕಾರ್ಡು ಎರಡನ್ನೂ ಒಯ್ಯಿರಿ. ಆರೋಗ್ಯ ಕೇಂದ್ರದ ನರ್ಸಮ್ಮನವರು ಹಾಕಿದ್ದನ್ನು ಸರ್ಕಾರದ ಲಸಿಕೆ ಪೋರ್ಟಲ್ ಯು-ವಿನ್‌ನಲ್ಲಿ ದಾಖಲಿಸುತ್ತಾರೆ, ಅಲ್ಲಿಂದ ಸಿಗುವ ಪ್ರಮಾಣಪತ್ರ ಇಟ್ಟುಕೊಳ್ಳಿ. ಖಾಸಗಿ ಡಾಕ್ಟರಿಗೂ ಮುಂದಿನ ಸಲ ತೋರಿಸಿ, ಇಲ್ಲದಿದ್ದರೆ ಅದೇ ಡೋಸನ್ನು ಇನ್ನೊಮ್ಮೆ ಬರೆಯುತ್ತಾರೆ.

ಎಲ್ಲಿಗೆ, ಯಾವಾಗ? ನಿಮ್ಮ ವಾರ್ಡಿನ ನಗರ ಪ್ರಾಥಮಿಕ ಆರೋಗ್ಯ ಕೇಂದ್ರವೇ ಹತ್ತಿರ. ದೊಡ್ಡ ಆಸ್ಪತ್ರೆಯೇ ಬೇಕೆಂದರೆ ಮಲ್ಲೇಶ್ವರದ ಕೆ.ಸಿ. ಜನರಲ್, ಜಯನಗರ ಜನರಲ್, ವಾಣಿವಿಲಾಸ, ನಿಮ್ಹಾನ್ಸ್ ಪಕ್ಕದ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇವೆ. ನಮ್ಮ ರಾಜ್ಯದಲ್ಲಿ ಲಸಿಕೆಯ ದಿನ ಗುರುವಾರ, ಅಂದು ಹೋಗುವುದೇ ಲೇಸು. ಕಾರಣ ಇದೆ. ಬಿಸಿಜಿ, ದಡಾರ ಲಸಿಕೆಯ ಸೀಸೆ ಹಲವು ಮಕ್ಕಳಿಗಾಗುವಷ್ಟು ಇರುತ್ತದೆ, ದ್ರಾವಣ ಬೆರೆಸಿದ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಬೇರೆ ದಿನ ನೀವೊಬ್ಬರೇ ಹೋದರೆ ‘ಗುರುವಾರ ಬನ್ನಿ’ ಎನ್ನುವುದು ಸೋಮಾರಿತನದಿಂದಲ್ಲ. ಬೆಳಿಗ್ಗೆ ಬೇಗ ಹೋಗಿ. ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಸೀಸೆಯ ಮೇಲಿನ ತಿಳಿ ಬಣ್ಣದ ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆಗೆ ಬಿಸಿ ತಗುಲಿ ಕೆಟ್ಟಿಲ್ಲ ಎಂದರ್ಥ, ಕೇಳಿದರೆ ತೋರಿಸುತ್ತಾರೆ. ಖಾಸಗಿ ಕ್ಲಿನಿಕ್ಕಿನ ಸೀಸೆಗಳಲ್ಲಿ ಈ ಗುರುತು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ 2ರಿಂದ 8 ಡಿಗ್ರಿ ಫ್ರಿಜ್ಜನ್ನು ನಂಬಬೇಕು, ಪವರ್‌ಕಟ್ ಆದಾಗ ಬ್ಯಾಕಪ್ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಹೀಗೆ ಮಾಡಿದರೆ ಆರನೇ ವಾರಕ್ಕೆ ಆಗಲೇ ಹೋದ 8,500 ಬಿಟ್ಟು 24,500 ಉಳಿಯುತ್ತದೆ. ಕೈಯಿಂದ ಹೋಗುವುದು 10,800. ಕಂಪನಿಯ ಒಪಿಡಿ ಅಥವಾ ವಾಲೆಟ್ಟಿನ 10,000 ಇದ್ದರೆ ಅದನ್ನು ಇದಕ್ಕೇ ಮೀಸಲಿಡಿ, ಪುಕ್ಕಟೆ ಸಿಗುವುದರ ಮೇಲೆ ಖರ್ಚು ಮಾಡಬೇಡಿ. ಡೋಸುಗಳು ಪಾಲಿಸಿಯ ಎರಡು ವರ್ಷಗಳ ನಡುವೆ ಹಂಚಿಹೋಗುವುದರಿಂದ ಎರಡು ವರ್ಷದ ಮಿತಿಯೂ ಸಿಗುತ್ತದೆ. ಆದರೆ ಹೊಸ ವರ್ಷದ ಮಿತಿ ಬರಲಿ ಎಂದು ಡೋಸನ್ನು ಮುಂದೂಡಬೇಡಿ. ಆರು ತಿಂಗಳಿಗೆ ಫ್ಲೂ ಎಂದರೆ ಆರು ತಿಂಗಳಿಗೇ, ಅದರ ಎರಡನೇ ಡೋಸು ನಾಲ್ಕು ವಾರಕ್ಕೆ.

ಪೀಣ್ಯ, ಬೊಮ್ಮನಹಳ್ಳಿ ಕಡೆಯ ಕಾರ್ಖಾನೆಗಳಲ್ಲಿ ಕೆಲಸ ಮಾಡುತ್ತ ಇದೇ ಪ್ರಶ್ನೆ ಇಟ್ಟುಕೊಂಡಿರುವವರಿಗೆ: ತಿಂಗಳ ಸಂಬಳ 21,000ದ ಒಳಗಿದ್ದು ಇಎಸ್‌ಐ ಕಡಿತವಾಗುತ್ತಿದ್ದರೆ ನಿಮ್ಮ ಇಎಸ್‌ಐ ಚಿಕಿತ್ಸಾಲಯದಲ್ಲಿ ಕೇಳಿ, ಮಕ್ಕಳ ಲಸಿಕೆ ಅಲ್ಲಿನ ಸೇವೆಯಲ್ಲೇ ಸೇರಿದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡು ಲಸಿಕೆಗಲ್ಲ, ಆಸ್ಪತ್ರೆ ಚಿಕಿತ್ಸೆಗೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ.

ಲಸಿಕೆ ಬರುವುದಿಲ್ಲ ಎಂಬ ಪಾಲಿಸಿಯಿಂದಲೂ ಲಸಿಕೆ ದುಡ್ಡು ಬರುವ ಸಂದರ್ಭ ಒಂದಿದೆ, ನಾಯಿ ಕಡಿತ. ನಮ್ಮ ಬೀದಿಗಳಲ್ಲಿ ಇದು ದೂರದ ಮಾತಲ್ಲ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಓಡಿ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ 0, 3, 7, 14, 28ನೇ ದಿನ ಐದು ಡೋಸು. ರಕ್ತ ಬಂದ ಕಡಿತವಾದರೆ ಗಾಯದ ಸುತ್ತ ಇಮ್ಯುನೊಗ್ಲೋಬುಲಿನ್ ಎಂಬ ಚುಚ್ಚುಮದ್ದು ಕೂಡ, ಖಾಸಗಿಯಲ್ಲಿ ದುಬಾರಿ ಅದೇ. ಹಲವು ಪಾಲಿಸಿಗಳಲ್ಲಿ ಇದಕ್ಕೆ ಒಂದು ಮಿತಿ ಇಟ್ಟು ಅಡ್ಮಿಟ್ ಆಗದಿದ್ದರೂ ಕೊಡುತ್ತಾರೆ. ಕ್ಲೇಮಿಗೆ ಐದೂ ದಿನದ ಬಿಲ್ಲು, ‘ನಾಯಿ ಕಚ್ಚಿದ್ದು’ ಎಂದು ದಿನಾಂಕ ಸಹಿತ ಬರೆದ ಮೊದಲ ದಿನದ ಚೀಟಿ ಬೇಕು. ಆ ಪದ ಇಲ್ಲದೆ ‘ಆಂಟಿ ರೇಬಿಸ್ ವ್ಯಾಕ್ಸಿನ್’ ಎಂದಷ್ಟೇ ಇದ್ದರೆ ಸಾಮಾನ್ಯ ಲಸಿಕೆ ಎಂದು ತಳ್ಳಿಬಿಡುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಪುಕ್ಕಟೆ.

ಗ್ರೂಪ್ ಪಾಲಿಸಿಯ ಪುಸ್ತಕದಲ್ಲಿ ಲಸಿಕೆಯ ಸಾಲು ಸ್ಪಷ್ಟವಾಗಿದ್ದೂ ಕ್ಲೇಮು ತಿರಸ್ಕರಿಸಿದರೆ ಆಗ ಬಿಡಬೇಡಿ. ಪುಟ, ಕಲಂ ಸಂಖ್ಯೆ ಉಲ್ಲೇಖಿಸಿ ವಿಮಾ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ. ಟಿಪಿಎಗೆ ಬರೆದರೆ ಅದು ದೂರು ಎಂದು ದಾಖಲಾಗದೆ ಹೋಗಬಹುದು, ಕಂಪನಿಗೇ ಬರೆಯಬೇಕು. ಉತ್ತರ ಬಾರದಿದ್ದರೆ ಅಥವಾ ಸಮಾಧಾನ ಆಗದಿದ್ದರೆ ವಿಮಾ ನಿಯಂತ್ರಕರ ಬಿಮಾ ಭರೋಸಾ ಪೋರ್ಟಲ್, ಇಲ್ಲವೇ ಸಹಾಯವಾಣಿ 155255. ಒಂದು ತಿಂಗಳು ಕಾದ ಮೇಲೆ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ನಮ್ಮದು ಜೆ.ಪಿ. ನಗರ ಒಂದನೇ ಹಂತದ ಜೀವನ್ ಸೌಧದಲ್ಲಿದೆ. ಫೀಸಿಲ್ಲ, ವಕೀಲರು ಬೇಡ, ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ ಹೋಗಬೇಕು.

ಕೊನೆಯದಾಗಿ ನಿಮ್ಮ ಫ್ಲೋಟರ್. ಮಗಳು ಅದರಲ್ಲಿ ಸೇರಿದ್ದಾಳೆಯೇ ಎಂದು ನೀವು ಬರೆದಿಲ್ಲ. ಬಹುಪಾಲು ಪಾಲಿಸಿಗಳು ಮಗುವನ್ನು ಸೇರಿಸಿಕೊಳ್ಳುವುದು 90 ದಿನ ತುಂಬಿದ ಮೇಲೆ, ಅಂದರೆ ನಿಮಗೆ ಇನ್ನೊಂದು ತಿಂಗಳು ಇದೆ. ಲಸಿಕೆಯ ನಂತರ ಜ್ವರದ ಸೆಳೆತ ಬಂದು ದಾಖಲು ಮಾಡಬೇಕಾದರೆ ಅದು ಚುಚ್ಚುಮದ್ದಿನ ಬೆಲೆಯಲ್ಲ, ಆಸ್ಪತ್ರೆ ಚಿಕಿತ್ಸೆ. ಆದರೆ ಮಗುವಿನ ಹೆಸರು ಪಾಲಿಸಿಯಲ್ಲಿ ಇದ್ದರಷ್ಟೇ ಆ ಮಾತು ಎತ್ತಬಹುದು. 91ನೇ ದಿನಕ್ಕೆ ಜನನ ಪ್ರಮಾಣಪತ್ರ ಲಗತ್ತಿಸಿ ಸೇರ್ಪಡೆ ಅರ್ಜಿ ಕಳಿಸಿ. ನವೀಕರಣಕ್ಕೆ ಮಾತ್ರ ಸೇರಿಸುತ್ತೇವೆ ಎಂದರೆ ಆ ದಿನಾಂಕ ಗುರುತು ಹಾಕಿಕೊಳ್ಳಿ. ಸೇರ್ಪಡೆಯನ್ನು ಖಚಿತಪಡಿಸುವ ಎಂಡಾರ್ಸ್‌ಮೆಂಟ್ ಪತ್ರ ಕೈಗೆ ಬಂದಾಗ ಹುಟ್ಟಿದ ದಿನಾಂಕವನ್ನು ಪ್ರಮಾಣಪತ್ರದ ಪಕ್ಕ ಇಟ್ಟು ನೋಡಿ. ತಿಂಗಳು, ದಿನ ಅದಲುಬದಲಾಗಿ ಮುದ್ರಣವಾಗುವುದು ಉಂಟು, ಅದನ್ನು ಅಂದೇ ತಿದ್ದಿಸಿಕೊಳ್ಳಿ.